ಒಡೆದ ತಂಬೂರಿ

ಒಡೆದುದನ್ನು ಕೂಡಿಸುವುದು ಬರಿಯ ಕೈಗೆಲಸವೋ, ಅಥವಾ ಧರ್ಮದ ಒಂದು ಅಂಗವೋ? ಭಕ್ತರು ವಿಚಾರಿಸತಕ್ಕ ಪ್ರಶ್ನೆಯಿದು.

ಗೋವೆಯ ಗಡಿಗೆ ಹತ್ತಿದ ಅನಮೋಡದ ಘಟ್ಟದಲ್ಲಿ ಮಳೆಗಾಲವೆಂದರೆ ಗೋಡೆಯೂ ಬೆವರುವ ಕಾಲ. ಅಲ್ಲಿಯ ಗೃಹಸ್ಥನೊಬ್ಬನ ಮನೆಯಲ್ಲಿ ತಂದೆಯ ಕಾಲದ ತಂಬೂರಿಯೊಂದು ಇದೆಯೆಂದು ಭಾವಿಸೋಣ. ತೇವದಿಂದ ಸರೇಸಿನ ಹಿಡಿತ ಸಡಿಲಿದೆ; ಮಗನ ಕೈಜಾರಿ ವಾದ್ಯವು ನೆಲಕ್ಕೆ ಬಿದ್ದು ಬುರುಡೆ ಬಿರಿದಿದೆ. ತಂಬೂರಿಯ ಕಾಯಕಕ್ಕೆ ಮಿರಜ ಪಟ್ಟಣ ಹೆಸರಾದುದು. 2024ರಲ್ಲಿ ಅಲ್ಲಿಯ ತಂಬೂರಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಬುರುಡೆಯ ಸೋರೆ ಬೆಳೆಯುವುದು ಪಂಢರಪುರ, ಮಂಗಳವೇಡೆಗಳ ಸೀಮೆಯಲ್ಲಿ. ಬಸವಣ್ಣನವರು ಕರಣಿಕರಾಗಿ ಕಾಯಕ ನಡೆಸಿದ ಮಂಗಳವೇಡೆಯೇ ಅದು. ಆದರೆ ಮಿರಜವು ದೂರ. ಗೃಹಸ್ಥನು ಮನೆಯಲ್ಲಿಯೇ ಕೂಡಿಸಲು ಕುಳಿತನು.

ಈಗ ಅವನ ಮುಂದೆ ಎರಡು ದಾರಿಗಳು. ಬಿರುಕಿಗೆ ಮೇಣ ತುಂಬಿ ಅರಗಿನ ಹೊಳಪು ಕೊಟ್ಟರೆ ನೋಡುವವರಿಗೆ ವಾದ್ಯವು ಅಖಂಡವಾಗಿಯೇ ತೋರುವುದು. ಆದರೆ ನಾಲ್ಕು ತಂತಿಗಳನ್ನು ಬಿಗಿದೊಡನೆ ಬಿರುಕು ಬಾಯಿ ತೆರೆದು ಕಿರಗುಟ್ಟುವುದು. ಕಣ್ಣನ್ನು ವಂಚಿಸಬಹುದು, ಶ್ರುತಿಯನ್ನು ವಂಚಿಸಲಾಗದು. ಎರಡನೆಯದು ನಿಧಾನದ ದಾರಿ. ತಂತಿಗಳನ್ನೆಲ್ಲ ಸಡಿಲಿಸಬೇಕು, ಬಿದ್ದ ಚೂರುಗಳನ್ನು ಒಂದೂ ಬಿಡದೆ ಆಯ್ದುಕೊಳ್ಳಬೇಕು, ಬೆಂಕಿಗೆ ಹಿಡಿಯದೆ ನೆರಳಿನಲ್ಲಿ ಆರಿಸಬೇಕು. ಮೇಲಿನ ಹಲಗೆಯನ್ನು ಬಿಡಿಸಿ, ಚೂರುಗಳನ್ನು ಸರೇಸಿನಿಂದ ಕೂಡಿಸಿ, ಒಳಮೈಗೆ ಬಟ್ಟೆಯ ಪಟ್ಟಿ ಅಂಟಿಸಿ, ಹೊರಗಿನಿಂದ ಹುರಿ ಸುತ್ತಿ, ಪೂರ್ಣ ಒಣಗುವವರೆಗೆ ಕಾಯಬೇಕು. ಕಲೆ ಉಳಿಯುತ್ತದೆ, ಉಳಿಯಲಿ. ನಾದಕ್ಕೆ ಅದರಿಂದ ಕುಂದಿಲ್ಲ.

ಮನುಷ್ಯನ ನಡೆಯೂ ಹೀಗೆಯೇ. ತಪ್ಪಿನ ಮೇಲೆ ವಿಭೂತಿಯ ಲೇಪ ಬಳಿದವನು ಹೊಳಪು ಕೊಟ್ಟವನು. ಒಳಗಿನಿಂದ ತಿದ್ದಿಕೊಂಡವನು ಬುರುಡೆಯನ್ನು ಕೂಡಿಸಿದವನು. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿಕೊಂಡರು. ನುಡಿಸುವವನು ಅವನಾದರೆ, ಬಿರುಕನ್ನು ಯಾರಿಂದ ಮರೆಮಾಡುವುದು?

ಇನ್ನು ಆ ಬಾಲಕನ ಮಾತು. ತಂದೆಯು ಕೋಪದಿಂದ ಗದರಿದ್ದರೆ ಬುರುಡೆಯೊಡನೆ ಮಗುವಿನ ಮನಸ್ಸೂ ಒಡೆಯುತ್ತಿತ್ತು. ಅದನ್ನು ಕೂಡಿಸುವ ಸರೇಸು ಯಾವ ಪೇಟೆಯಲ್ಲಿಯೂ ದೊರೆಯದು. ಆದಕಾರಣ ಚೂರುಗಳನ್ನು ಹಿಡಿಯುವ ಕೆಲಸವನ್ನು ಅವನಿಗೇ ಒಪ್ಪಿಸುವುದು ಲೇಸು. ಕೆಡವಿದ ಕೈಯೇ ಕೂಡಿಸಿದರೆ ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತವುಂಟೇ?

ಕಡೆಗೆ ಕುದುರೆಯ ಮೇಲೆ ತಂತಿಯಡಿಗೆ ಸಣ್ಣ ನೂಲೆಳೆಯನ್ನು ಸರಿಸುತ್ತಾರೆ. ಅದಿಲ್ಲದೆ ನಾದವು ತುಂಬಿ ಬಾರದು. ಅದಕ್ಕೆ ಹಿರಿಯರು ಜೀವಾಳವೆಂದು ಹೆಸರಿಟ್ಟಿದ್ದಾರೆ. ಸಂಸಾರದಲ್ಲಿ ಆ ನೂಲೆಳೆಯೇ ಕ್ಷಮೆ.