ಸವಾರನ ಶಕ್ತಿಯಲ್ಲಿ ಅನ್ನದ ಪಾಲು

ದೀರ್ಘ ದೂರದ ಸೈಕ್ಲಿಂಗಿನಲ್ಲಿ ದೇಹ ಮೊದಲು ಖರ್ಚು ಮಾಡುವುದು ತಾನು ಕೂಡಿಟ್ಟ ಸಕ್ಕರೆಯನ್ನು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಈ ದಾಸ್ತಾನು ಸುಮಾರು 500 ಗ್ರಾಂ. ಬಿರುಸಿನ ಸವಾರಿಯಲ್ಲಿ ಎರಡು-ಮೂರು ಗಂಟೆಗಳಲ್ಲೇ ಅದು ತಳ ಕಾಣುತ್ತದೆ. ಆಮೇಲೆ ಕಾಲು ಸೋಲುತ್ತದೆ, ತಲೆ ಮಂಕಾಗುತ್ತದೆ, ಮುಂದಿನ ತಿರುವಿನ ಅಂದಾಜೂ ಸಿಗದಂತಾಗುತ್ತದೆ. ಅದಕ್ಕೇ ಸವಾರರು ದಾರಿಯುದ್ದಕ್ಕೂ ಜೆಲ್ಲು, ಪಾನೀಯಗಳ ಮೂಲಕ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸುತ್ತಾರೆ. ವೃತ್ತಿಪರರಲ್ಲಿ ಕೆಲವರು 120 ಗ್ರಾಂವರೆಗೂ ಹೋಗಿದ್ದಾರೆ. ಗ್ಲುಕೋಸ್ ಮತ್ತು ಫ್ರಕ್ಟೋಸ್ ಕರುಳಿನಿಂದ ರಕ್ತಕ್ಕೆ ಸೇರುವ ದಾರಿಗಳು ಬೇರೆ ಬೇರೆ. ಹಾಗಾಗಿ ಎರಡನ್ನೂ ಬೆರೆಸಿ ಕುಡಿದರಷ್ಟೇ ಇಷ್ಟೊಂದು ಸಕ್ಕರೆ ಹೊಟ್ಟೆಗೆ ಒಗ್ಗುತ್ತದೆ.

ಹೀಗೆ ಹೊರಗಿನಿಂದ ತುಂಬಿಕೊಂಡ ಶಕ್ತಿಯಿಂದ ಬಂದ ಗೆಲುವು ಎಷ್ಟರಮಟ್ಟಿಗೆ ಸವಾರನದು?

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಯೋಗವೇ ಇದೆ. ಹನ್ನೆರಡು ವರ್ಷ ವೇದ ಕಲಿತು ಬಂದ ಶ್ವೇತಕೇತುವಿಗೆ ತಂದೆ ಉದ್ದಾಲಕ 15 ದಿನ ಊಟ ಬಿಟ್ಟು ಬರೀ ನೀರು ಕುಡಿದಿರಲು ಹೇಳುತ್ತಾನೆ. ಆಮೇಲೆ ವೇದ ಹೇಳೆಂದರೆ ಮಗನಿಗೆ ಏನೂ ನೆನಪಾಗದು. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಮನಸ್ಸೂ ಅನ್ನದಿಂದಲೇ ಆದದ್ದು ಎಂಬುದು ಉದ್ದಾಲಕನ ತೀರ್ಮಾನ. ಅದನ್ನು ಒಪ್ಪಿದರೆ, ಅನ್ನದ ಹಂಗಿಲ್ಲದ 'ಸ್ವಂತ ಶಕ್ತಿ' ಎಂಬುದೊಂದು ಉಳಿಯುವುದಿಲ್ಲ. ಆದರೆ ಊಟ ಶ್ವೇತಕೇತುವಿಗೆ ವೇದ ಕಲಿಸಲಿಲ್ಲ, ಕಲಿತದ್ದನ್ನು ಹೊರತಂದಿತು ಅಷ್ಟೆ. ಜೆಲ್ಲಿನ ಕೆಲಸವೂ ಅದೇ. ವರ್ಷಗಟ್ಟಲೆ ಬೆಟ್ಟ ಹತ್ತಿ ಪಳಗದ ಕಾಲಿಗೆ ಅದರಿಂದ ಹೆಚ್ಚೇನೂ ದಕ್ಕದು.

ಕೆಫೀನಿನ ವಿಷಯ ಇಷ್ಟು ಸಲೀಸಲ್ಲ. ಅದು ಶಕ್ತಿ ಕೊಡುವುದಿಲ್ಲ. ಮಿದುಳಿಗೆ ದಣಿವಿನ ಸುಳಿವು ಕೊಡುವ ಅಡೆನೊಸಿನ್ ಕೂರಬೇಕಾದ ಜಾಗವನ್ನು ತಾನೇ ಹಿಡಿಯುತ್ತದೆ. ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಸಾಕು, ಅದೇ ಏರು ಕೊಂಚ ಹಗುರವೆನಿಸುತ್ತದೆ. ಇನ್ನೂ ವಿಚಿತ್ರವೆಂದರೆ ಕೆಫೀನ್ ಇಲ್ಲದೆಯೂ ಹಾಗನ್ನಿಸಬಹುದು. 2006ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, 10 ಕಿಲೋಮೀಟರ್ ಸವಾರಿಗೆ ಮುನ್ನ ಪಳಗಿದ ಸೈಕ್ಲಿಸ್ಟರಿಗೆ ಬೇರೆ ಬೇರೆ ಪ್ರಮಾಣದ ಕೆಫೀನ್ ಎಂದು ಹೇಳಿ ಕೊಟ್ಟದ್ದೆಲ್ಲ ಹುಸಿ ಮಾತ್ರೆಯೇ. ಹೆಚ್ಚು ಪ್ರಮಾಣ ಸಿಕ್ಕಿದೆ ಎಂದು ನಂಬಿದಾಗ ಅವರು ಸುಮಾರು ಶೇಕಡ 3ರಷ್ಟು ಹೆಚ್ಚು ಬಲ ಹಾಕಿ ತುಳಿದರು. ಏನೂ ಸಿಕ್ಕಿಲ್ಲ ಎಂದುಕೊಂಡಾಗ ಬಲ ಕುಗ್ಗಿತು. ದಣಿವಿನಲ್ಲಿ ನಂಬಿಕೆಗೂ ಒಂದು ಪಾಲಿದೆ ಎಂದಾದ ಮೇಲೆ, ಪುಡಿ-ಮಾತ್ರೆಗಳ ಮಾರಾಟದಲ್ಲಿ ಅದರ ಪಾಲು ಎಷ್ಟಿರಬಹುದೆಂದು ಬೇರೆ ಹೇಳಬೇಕಿಲ್ಲ.

ಸಹಜವಾದದ್ದು ಸರಿ, ಕೃತಕವಾದದ್ದು ತಪ್ಪು ಎಂಬ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು. ಪ್ರಯೋಗಾಲಯದಲ್ಲಿ ಹದಗೊಂಡ ಜೆಲ್ಲಿಗೆ ಅಡ್ಡಿಯಿಲ್ಲ. ದೇಹವೇ ತಯಾರಿಸುವ ಇಪಿಒ ಹಾರ್ಮೋನನ್ನು ಚುಚ್ಚಿಸಿಕೊಂಡರೆ ನಿಷೇಧ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ನೋಡುವುದು ಮೂರು ಅಂಶ: ಸಾಮರ್ಥ್ಯ ಹೆಚ್ಚುತ್ತದೆಯೇ, ಆರೋಗ್ಯಕ್ಕೆ ಅಪಾಯವಿದೆಯೇ, ಕ್ರೀಡೆಯ ಆಶಯಕ್ಕೆ ಧಕ್ಕೆಯೇ. ಇವುಗಳಲ್ಲಿ ಎರಡಕ್ಕೆ ಹೌದೆಂದಾದರೆ ವಸ್ತು ನಿಷೇಧಕ್ಕೆ ಅರ್ಹ. ಮೂರನೆಯದು ಯಾರು ಹೇಗೆ ಬೇಕಾದರೂ ಎಳೆಯಬಹುದಾದ ಮಾತು. ಗಟ್ಟಿಯಾಗಿ ನಿಲ್ಲುವುದು ಎರಡನೆಯದೇ.

ಅದು ಏಕೆಂದು 1967ರ ಟೂರ್ ಡಿ ಫ್ರಾನ್ಸ್ ತೋರಿಸಿತು. ಆ ಜುಲೈ 13ರ ಉರಿಬಿಸಿಲಿನಲ್ಲಿ ಮಾಂಟ್ ವೆಂಟೂ ಬೆಟ್ಟ ಹತ್ತುತ್ತಿದ್ದ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ಬಿದ್ದ. ಮತ್ತೆ ಸೈಕಲ್ ಏರಿ ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದು, ಸತ್ತ. ಅವನ ದೇಹದಲ್ಲಿ ಆಂಫೆಟಮೈನ್ ಮತ್ತು ಮದ್ಯದ ಅಂಶ ಸಿಕ್ಕಿತು. ನಿಲ್ಲು ಎಂದು ದೇಹ ಕೂಗಿದ್ದು ಕೇಳಿಸದಂತೆ ಮಾಡುವ ಮದ್ದು ಅದು. ಹಸಿದ ದೇಹಕ್ಕೆ ಉಣಿಸುವುದಕ್ಕೂ ಅದರ ಬಾಯಿ ಮುಚ್ಚಿಸುವುದಕ್ಕೂ ಇರುವ ಅಂತರದಲ್ಲೇ ಗೆರೆ ಎಳೆಯುವುದು ನ್ಯಾಯ. ಆ ಗೆರೆಯ ಮೇಲೆಯೇ ಕೂತಿರುವುದು ಕೆಫೀನ್: 2004ರಲ್ಲಿ ನಿಷೇಧದ ಪಟ್ಟಿಯಿಂದ ಅದನ್ನು ಕೈಬಿಟ್ಟ ವಾಡಾ, ಅದರ ಬಳಕೆಯ ಮೇಲೆ ನಿಗಾ ಇಡುವುದನ್ನು ಬಿಟ್ಟಿಲ್ಲ.