ಜಿಂಕೆ ಕಳ್ಳನೇ?

ತಪಸ್ಸುಕಾಲದ ದಿನಗಳು ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ವಸಂತದ ದಿನಗಳೂ ಹೌದು. ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿ ಒಣಗುವ ಹೊತ್ತಿಗೆ ಮುತ್ತುಗವೂ ಕೆಂಪಾಗುತ್ತದೆ. ಗೋಮಾಳದ ಬರಿನೆಲದಲ್ಲಿ ಟಿಟ್ಟಿಭ ನಾಲ್ಕು ಮೊಟ್ಟೆಯಿಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕೂಗುತ್ತಾ ಸುತ್ತುತ್ತದೆ. ಗಂಡು ಕೃಷ್ಣಮೃಗ ಒಂದು ತುಂಡು ಬಯಲನ್ನು ತನ್ನದೆಂದು ಹಿಡಿದು, ಸುರುಳಿ ಕೊಂಬನ್ನು ಬೆನ್ನಿಗೆ ಚೆಲ್ಲಿ ಬೀಗಿ ನಡೆಯುತ್ತದೆ.

ಪ್ರಿಯ ಓದುಗರೇ, ಸೃಷ್ಟಿಯ ಸೊಬಗನ್ನು ಹೊಗಳಿ ಇಲ್ಲಿಗೇ ಮುಗಿಸಿದರೆ ನಮ್ಮ ರೈತರು ನಕ್ಕಾರು. ಮುಂಗಾರಿನಲ್ಲಿ ಮೊಳೆತ ಗೋವಿನಜೋಳದ ಕುಡಿಯನ್ನು ಮೇಯುವುದೂ ಇದೇ ಹಿಂಡು. ಬೀಜ ಗೊಬ್ಬರಕ್ಕೆ ಸಾಲ ತಂದವನ ಕಣ್ಣಿಗೆ ಅದು ಕಳ್ಳ. ಹೊಡೆಯೋಣವೆಂದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಲ್ಲುತ್ತದೆ.

ಕಳ್ಳತನಕ್ಕೆ ಬುದ್ಧಿ ಬೇಕು, ಇಚ್ಛೆ ಬೇಕು. ಮೃಗಕ್ಕೆ ಪಾಪವಿಲ್ಲ. ಇಷ್ಟಕ್ಕೆ ಪ್ರಶ್ನೆ ತೀರಲಿಲ್ಲ, ಏಕೆಂದರೆ ಹಾನಿ ಆಗಿಯೇ ಇದೆ. ಹಾಗಾದರೆ ಮೊದಲು ಯಾರ ಪಾಲನ್ನು ಯಾರು ತೆಗೆದುಕೊಂಡರು?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತಾರ 119 ಚದರ ಕಿಲೋಮೀಟರ್. ಆದರೆ ಅದರ ಬಹುಭಾಗ ನೀಲಗಿರಿ ತೋಪು. ಹುಲ್ಲು ಮೇಯುವ, ಬಯಲಲ್ಲಿ ಓಡುವ ಪ್ರಾಣಿಗೆ ನೀಲಗಿರಿಯ ಸಾಲುಗಳಿಂದೇನು ಲಾಭ? ಅದು ಹೊಲಕ್ಕೆ ಇಳಿಯುತ್ತದೆ.

ನೀಲಗಿರಿಯ ನೋವನ್ನು ಉಂಡದ್ದು ಜಿಂಕೆ ಮಾತ್ರವಲ್ಲ. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಕೊಡುವುದೆಂದಾಯಿತು. ದನಕ್ಕೆ ಮೇವು, ಒಲೆಗೆ ಸೌದೆ ತರುತ್ತಿದ್ದ ನೆಲ ಅದು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದು ಅದು ಹೆಸರಾಯಿತು. ಕಾನೂನಿನ ಕಣ್ಣಿಗೆ ಅವರೂ ತಪ್ಪಿತಸ್ಥರೇ! ಕಡೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಲು ಸರ್ಕಾರ ನಿರ್ಧರಿಸಿತು.

ಕಡುಕಷ್ಟದಲ್ಲಿ ವಸ್ತುಗಳೆಲ್ಲ ಎಲ್ಲರವು, ಆಗ ತೆಗೆದುಕೊಳ್ಳುವುದು ಕಳ್ಳತನವಾಗದು ಎಂಬುದು ಸಂತ ತೋಮಸ್ ಅಕ್ವಿನಾಸರ ವಾದ. ಅವರು ಹೇಳಿದ್ದು ಮನುಷ್ಯರ ವಿಷಯ. ಅದನ್ನು ಜಿಂಕೆಗೂ ಎಳೆಯುವುದು ಸೆಮಿನರಿಯ ಪರೀಕ್ಷೆಯಲ್ಲಿ ನಡೆಯಲಾರದು. ಆದರೆ ವಿಮೋಚನಾಕಾಂಡದ 23ನೆಯ ಅಧ್ಯಾಯ ನೋಡಿ: ಏಳನೆಯ ವರ್ಷ ಭೂಮಿಯನ್ನು ಉಳದೆ ಬಿಡಬೇಕು, ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಮೃಗಗಳಿಗೆ. ಬಡವ ಮೊದಲು, ಮೃಗ ಆಮೇಲೆ. ಆ ಕ್ರಮ ಸರಿಯೇ. ಹಾಗಾಗಿ ಜಿಂಕೆಯ ಮೇವಿನ ಖರ್ಚನ್ನು ಎರಡೆಕರೆಯ ರೈತನೊಬ್ಬನೇ ಹೊರಲಿ, ಉಳಿದವರು ನೋಡಿ ಆನಂದಿಸೋಣ ಎನ್ನುವುದು ನ್ಯಾಯವಲ್ಲ. ಬೆಳೆಹಾನಿ ಪರಿಹಾರ ಅವನಿಗೆ ಸಲ್ಲಬೇಕಾದ ಸಾಲ, ಭಿಕ್ಷೆಯಲ್ಲ. ಆದರೂ ಮೃಗದ ಪಾಲು ಸೊನ್ನೆ ಎಂದು ಆ ವಾಕ್ಯ ಹೇಳುವುದಿಲ್ಲ. ಶಾಲೆಗೆ, ನಿವೇಶನಕ್ಕೆ, ಸ್ಮಶಾನಕ್ಕೆ ನಾವು, ಕ್ರೈಸ್ತರೂ ಸೇರಿ, ಮೊದಲು ಕಣ್ಣು ಹಾಕುವುದು ಗೋಮಾಳದ ಮೇಲೆಯೇ. ‘ಖಾಲಿ ಜಾಗ’ ಎನ್ನುತ್ತೇವೆ. ಟಿಟ್ಟಿಭದ ಮೊಟ್ಟೆಗಳು ಕಲ್ಲಿನ ಬಣ್ಣದವು, ಬೇಗ ಕಾಣುವುದಿಲ್ಲ.

ರಾಣೆಬೆನ್ನೂರಿನ ಬಯಲಿನಲ್ಲಿ ಹಿಂದೆ ಎರೆಭೂತವೆಂಬ ದೊಡ್ಡ ಹಕ್ಕಿಯೂ ಇತ್ತು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ಮಿಡತೆ, ಹುಳುಗಳನ್ನು ತಿನ್ನುತ್ತಾ ಅದು ರೈತನಿಗೆ ಉಪಕಾರವನ್ನೇ ಮಾಡುತ್ತಿತ್ತು. ಅದನ್ನು ಯಾರೂ ಕಳ್ಳನೆಂದು ಕರೆದಿರಲಿಲ್ಲ. ಈಗ ಅದು ಇಲ್ಲಿಲ್ಲ.